ರುಚಿ ನೋಡದ ಅಡಿಗೆ

ಫಾಲ್ಗುಣದ ಮೊದಲ ವಾರ. ಬಿಸಿಲು ಇನ್ನೂ ಚುರುಕು ಮುಟ್ಟಿಸದಿದ್ದರೂ ನಾಯಿಗಳು ಗೋಡೆಯ ನೆರಳು ಹುಡುಕತೊಡಗಿದ್ದ ಹನ್ನೊಂದರ ಹೊತ್ತು, ಮಂಗಳವಾರ. ಹುನ್ನೂರಿನಿಂದ ಒಂದು ಮೈಲು ಆಚೆ, ದ್ರಾಕ್ಷಿ ತೋಟದ ಮಗ್ಗುಲಿನ ಮನೆಯಲ್ಲಿ ತಂಗೆವ್ವ ಗ್ಯಾಸಿನ ಒಲೆಯ ಮುಂದೆ ನಿಂತು ನೀರು ಹಾಕದ ಕುಕ್ಕರನ್ನು ನೋಡುತ್ತಿದ್ದಳು. ಒಣ ಕುಕ್ಕರನ್ನು ಉರಿಯ ಮೇಲೆ ಇಟ್ಟದ್ದು ಅವಳ ಅರವತ್ತೆರಡು ವರ್ಷಗಳಲ್ಲಿ ಇದೇ ಮೊದಲು. ತಳಕ್ಕೆ ಎರಡು ಬೊಗಸೆ ಉಪ್ಪು, ಉಪ್ಪಿನ ಮೇಲೊಂದು ತಾಟು, ತಾಟಿನ ಮೇಲೆ ಸ್ಟೀಲಿನ ಬೋಗಾಣಿ. ಬೋಗಾಣಿಯ ಅಡಿಯಲ್ಲಿ ಹೆಚ್ಚಿದ ಚಿಕ್ಕು, ಬಾಳೆಹಣ್ಣು, ತೋಟದ್ದೇ ಒಂದು ಹಿಡಿ ದ್ರಾಕ್ಷಿ, ಅದರ ಮೇಲೆ ಬಾಟಲಿಯಿಂದ ಸುರಿದ ಜಾಮು. ಎಲ್ಲಕ್ಕೂ ಮೇಲೆ ಎರಡು ಪೊಟ್ಟಣ ಬಿಸ್ಕೀಟು ಕುಟ್ಟಿ ಹಾಲಿನಲ್ಲಿ ಕಲಸಿ ಸೋಡಾ ಹಾಕಿದ ಹಿಟ್ಟು. ಮುಚ್ಚಳದ ರಬ್ಬರನ್ನೂ ಸೀಟಿಯನ್ನೂ ತೆಗೆದು ಕಿಟಕಿಯಲ್ಲಿ ಇಟ್ಟಿದ್ದಳು. ಆದರೂ ಅವಳ ಕಾಲುಗಳು ಬಾಗಿಲ ಕಡೆಗೇ ತಿರುಗಿದ್ದವು.

"ಸೀಟಿ ತಗದೀರೇನ್ರಿ ಅತ್ತಿ?" ಸೊಸೆ ಶೈಲಾ ಪಡಸಾಲೆಯಿಂದ ಕೇಳಿದಳು.

"ತಗದೇನಿ. ನೀ ಅಲ್ಲೇ ಕೂಡು. ಸಿಡದ್ರ ನನ್ನ ಮಾರಿಗೆ ಸಿಡೀಲಿ."

"ನೀರ ಇಲ್ಲದ್ದು ಹೆಂಗ ಸಿಡೀತೈತ್ರಿ?" ಎಂದು ಅವಳು ನಕ್ಕಳು. ಏಳು ತಿಂಗಳ ಹೊಟ್ಟೆ ಹೊತ್ತವಳ ನಗು, ನಡುವೆ ಉಸಿರು ಎಳೆದುಕೊಳ್ಳುವಂಥದ್ದು.

ಬಯಕೆಯ ಊಟಕ್ಕೆ ಏನು ಬೇಕೆಂದು ತಂಗೆವ್ವ ಎಂಟು ದಿನದಿಂದ ಕೇಳುತ್ತಿದ್ದಳು. ಕಡಬು ಬೇಡವಂತೆ, ಹೋಳಿಗೆ ಬೇಡವಂತೆ, ಹುಣಸಿಕಾಯಿ ಚಟ್ನಿಯೂ ಬೇಡ. ಕೊನೆಗೆ ನಾಚಿಕೊಂಡು ಹೇಳಿದ್ದು ಇದನ್ನು. ಬನಹಟ್ಟಿಯ ತವರಿನಲ್ಲಿದ್ದಾಗ ಟೀವಿಯಲ್ಲಿ ಒಬ್ಬಾಕೆ ಮಾಡಿ ತೋರಿಸಿದ್ದಳಂತೆ, ಕಾಬ್ಲರ್ ಅಂದಿದ್ದಳಂತೆ. ಪಕ್ಕದ ಮನೆಯವರು ಕುಕ್ಕರಿನಲ್ಲಿ ಮಾಡಿ ಒಂದು ಬಟ್ಟಲು ಕೊಟ್ಟಿದ್ದರಂತೆ. ಆ ರುಚಿ ಈಗ ನಾಲಿಗೆಯ ಮೇಲೆ ಬಂದು ಕೂತಿದೆಯಂತೆ. "ಏನೂ ತ್ರಾಸ ಇಲ್ರಿ, ಎಲ್ಲಾ ಅಂಗಡ್ಯಾಗ ತಯಾರ ಸಿಗತೈತಿ" ಎಂದಿದ್ದಳು. ಆ ಮಾತೇ ತಂಗೆವ್ವನಿಗೆ ಸರಿಬಂದಿರಲಿಲ್ಲ. ಬೀಸದೆ, ಹದ ಕಾಯದೆ, ಯಾರೋ ಸುಟ್ಟ ಬಿಸ್ಕೀಟು ಕುಟ್ಟಿ, ಯಾರೋ ಕುದಿಸಿದ ಜಾಮು ಸುರಿದು ಬಸುರಿಯ ಮುಂದಿಡುವುದೆಂದರೆ ಒಳಗಿರುವ ಕೂಸಿಗೆ ಮೋಸ ಮಾಡಿದಂತೆ ಅನಿಸಿತ್ತು. ಆದರೆ ಬಯಕೆಯನ್ನು ಇಲ್ಲ ಅನ್ನಬಾರದು. ತಂಗೆವ್ವನ ಅತ್ತೆ, ಕುಲದೇವರು ಬೀರಪ್ಪನ ಎಡೆಗಲ್ಲದೆ ಇನ್ನೇನಕ್ಕೂ ಕೈ ಮುಗಿಯದ ಹೆಂಗಸು, ಅವಳ ಮೊದಲ ಬಸಿರಿನಲ್ಲಿ ಹೇಳಿದ್ದಳು: ಬಯಕೆಯ ಅಡಿಗೆಯನ್ನು ರುಚಿ ನೋಡಬಾರದು, ಅದು ಒಳಗಿನ ದೇವರ ಎಡೆ, ಮೊದಲ ತುತ್ತು ಬಸುರಿಯದೇ. ಉಪ್ಪು ಹೆಚ್ಚಾಗಲಿ, ಸಪ್ಪೆಯಾಗಲಿ. ತಂಗೆವ್ವ ಇವತ್ತು ಬೆರಳಿಗೆ ಹತ್ತಿದ ಹಿಟ್ಟನ್ನೂ ನೆಕ್ಕಿರಲಿಲ್ಲ. ತೊಳೆದುಕೊಂಡಿದ್ದಳು.

ಮುಚ್ಚಳ ತೆಗೆದಾಗ ಅದು ಉಬ್ಬಿ ನಿಂತಿತ್ತು, ಬಣ್ಣ ಮಾತ್ರ ಅವಳೆಣಿಸಿದ್ದಕ್ಕಿಂತ ಕಪ್ಪು. ಹಳೆ ಬೆಲ್ಲದ ಬಣ್ಣ. ಅಂಚಿನಲ್ಲಿ ಜಾಮು ಕುದಿದು ಮೇಲೆ ಬಂದಿತ್ತು. ಶೈಲಾ ಬಟ್ಟಲನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ತಿಂದಳು. ಮೊದಲ ತುತ್ತಿಗೆ ಒಂದು ಸಲ ಹುಬ್ಬು ಕೂಡಿಸಿದಳು. "ಸೋಡಾ ಒಂದೀಟ ಮುಂದಾಗೇತಿ ಅತ್ತಿ" ಎಂದಳು, ಕೂಡಲೇ, "ಆದ್ರೂ ಛಲೋ ಆಗೇತ್ರಿ, ಅವರ ಮನ್ಯಾಗಿನಕಿಂತ ಛಲೋ" ಎಂದು ಸೇರಿಸಿದಳು. ಎರಡನೆಯ ಬಟ್ಟಲನ್ನು ತಾನೇ ಕೇಳಿ ಹಾಕಿಸಿಕೊಂಡಳು. ಪ್ರೀತಿಗೆ ತಿಂದಳೋ ರುಚಿಗೆ ತಿಂದಳೋ ತಿಳಿಯದೆ ತಂಗೆವ್ವ ಅವಳ ಗಂಟಲು ಏರಿಳಿಯುವುದನ್ನು ನೋಡುತ್ತಾ ಕುಳಿತಳು. ಸುಖವಾಗಿತ್ತು. ಸೋಡಾ ಹೆಚ್ಚಾದದ್ದು ಸ್ವಲ್ಪ ಚುಚ್ಚಿತು, ಅಷ್ಟೇ.

ಹನ್ನೆರಡೂವರೆಗೆ ಮಗ ಮಾಳು ಒಣದ್ರಾಕ್ಷಿಯ ಶೆಡ್ಡಿನಿಂದ ಬಂದ. ಕಿವಿಗೆ ಫೋನು ಒತ್ತಿಕೊಂಡೇ ಅಡಿಗೆಮನೆಗೆ ಹೊಕ್ಕು ಗೋಡೆಯ ಹಲಗೆಯ ಮೇಲೆ ಕೈಯಾಡಿಸಿದ. ಎಡಗಡೆಯಿಂದ ಮೂರನೆಯ ಡಬ್ಬಿಯನ್ನು ಎತ್ತಿ ಅಲುಗಾಡಿಸಿದ.

"ಅವ್ವಾ, ಇದರಾಗಿಂದು ಯಾರು ತಗದಾರ? ನಿನ್ನೆ ಅಳತಿ ಮಾಡಿ ತಂದ ಇಟ್ಟಿದ್ದೆ."

"ಏನದು?"

"ದ್ರಾಕ್ಷಿ ಅದ್ದೂ ಪುಡಿ ಬೇ. ಶೆಡ್ಡಿನಾಗ ತಂಪು ಹಿಡೀತೈತಿ ಅಂತ ಇಲ್ಲೆ ಇಟ್ಟಿದ್ದೆ. ಇರಲಿ, ಆಳು ಕಾಯಾಕತ್ತಾರ."

ಹೊರಟೇಹೋದ. ಹೋಗುವಾಗ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ, ಕುರಿಮರಿಯನ್ನು ಹಿಡಿದುಕೊಂಡಂತೆ.

ತಂಗೆವ್ವ ಹಲಗೆಯ ಬಳಿ ಹೋದಳು. ಅವನು ಎತ್ತಿದ ಜಾಗದ ಹಿಂದೆ, ಗೋಡೆಗೆ ಒತ್ತಿಕೊಂಡು ಸೋಡಾದ ಡಬ್ಬಿ ನಿಂತಿತ್ತು. ಮುಚ್ಚಳ ತೆಗೆದಳು. ಸಂತೆಯಿಂದ ತಂದು ತುಂಬಿದಾಗ ಹೇಗೆ ಮಟ್ಟ ಮಾಡಿದ್ದಳೋ ಹಾಗೇ ಇತ್ತು, ಚಮಚೆಯ ಒಂದು ಗುರುತೂ ಇಲ್ಲದೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಆಮೇಲೆ ಬೆರಳಿನಿಂದ ಮುಟ್ಟಿ ನೋಡಿದಳು. ಎರಡು ವರ್ಷದಿಂದ ಎಡಗಣ್ಣಿಗೆ ಪೊರೆ ಬಂದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಕ್ಷರ ಮೊದಲಿನಿಂದಲೂ ಇಲ್ಲ; ಅಡಿಗೆಮನೆಯಲ್ಲಿ ಅವಳು ಓದುತ್ತಿದ್ದದ್ದು ಜಾಗವನ್ನು. ಎಡದಿಂದ ಒಂದನೆಯದು ಜೀರಿಗೆ, ಎರಡನೆಯದು ಅರಿಶಿಣ, ಮೂರನೆಯದು ಸೋಡಾ. ಕೈ ಹೋಗಿ ತಾನೇ ತರುತ್ತಿತ್ತು. ಇವತ್ತೂ ತಂದಿತ್ತು, ತುಂಬು ಎರಡು ಚಮಚೆ.

ಆ ಪುಡಿ ಅವಳಿಗೆ ಗೊತ್ತಿಲ್ಲದ್ದಲ್ಲ. ನೀರಿನಲ್ಲಿ ಅದನ್ನೂ ಎಣ್ಣೆಯನ್ನೂ ಕದಡಿ ಹಣ್ಣನ್ನು ಅದ್ದಿದರೆ ದ್ರಾಕ್ಷಿಯ ಮೇಲಿನ ಪೊರೆ ಬಿರಿದು ಬೇಗ ಒಣಗುತ್ತದೆ. ಅದ್ದುವ ಹೆಂಗಸರು ಸಂಜೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂಡುವುದನ್ನು ನೋಡಿದ್ದಳು. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿದಿರುತ್ತಿತ್ತು. ಹಣ್ಣಿನ ಚರ್ಮ, ಕೈಯ ಚರ್ಮ. ಮುಂದಿನದನ್ನು ಅವಳು ಯೋಚಿಸಲಿಲ್ಲ, ಆದರೆ ಅದು ತಾನೇ ಬಂದು ಕಣ್ಣ ಮುಂದೆ ನಿಂತಿತು: ನೀರಿನಲ್ಲಿ ಕಣ್ಣು ಮುಚ್ಚಿ ತೇಲುತ್ತಿರುವ, ಇನ್ನೂ ಬಲಿಯದ ಒಂದು ಚರ್ಮ.

ಕೂಗಿದರೆ ಕೇಳಿಸುತ್ತದೆ, ಮಾಳು ಇನ್ನೂ ಬೇಲಿ ದಾಟಿರಲಿಕ್ಕಿಲ್ಲ. ಪಿಕಪ್ ಗಾಡಿ ಶೆಡ್ಡಿನ ಮುಂದೆಯೇ ನಿಂತಿದೆ. ಜಮಖಂಡಿಯ ದವಾಖಾನೆ ಅರ್ಧ ತಾಸಿನ ಹಾದಿ. ಅವಳು ಬಾಗಿಲಿಗೆ ಬಂದಳು, ಬಾಯಿ ತೆರೆದಳು ಕೂಡ. ಮಾಳುವಿನ ಬೆನ್ನು ದ್ರಾಕ್ಷಿಯ ಸಾಲಿನಲ್ಲಿ ಸಣ್ಣದಾಗುತ್ತಿತ್ತು. ಕೂಗಿದ ಮೇಲೆ ಏನು? ಕಣ್ಣಿನ ಮಾತು ಹೊರಗೆ ಬರುತ್ತದೆ. ಮುದುಕಿಯನ್ನು ಒಲೆಯ ಹತ್ತಿರ ಬಿಡಬೇಡಿ ಅನ್ನುತ್ತಾರೆ. ಕುರ್ಚಿಯ ಮೇಲೆ ಕೂಡಿಸಿ, ತಾಟು ಕೈಗೆ ಕೊಟ್ಟು, ಮೃದುವಾಗಿ ಮಾತಾಡುತ್ತಾರೆ. ಸೋಮವಾರ ಸೀಮಂತದ ಕುಬಸ, ಬನಹಟ್ಟಿಯಿಂದ ಬೀಗರು ಹಸಿರು ಸೀರೆ ತರುವವರು, ಅಲ್ಲಿ ಕೂಡುವ ನೂರು ಜನರ ಮುಂದೆ ಇದೇ ಮಾತು. ಇದನ್ನೆಲ್ಲ ಅವಳು ಯೋಚಿಸಿ ಮುಗಿಸುವಷ್ಟರಲ್ಲಿ ಬೆನ್ನು ಕಾಣದಾಗಿತ್ತು. ಆಮೇಲೆ ಅನಿಸಿತು, ಯೋಚಿಸಿದ್ದೇ ಅದು ಕಾಣದಾಗಲಿ ಎಂದು.

ಹೀಗೆ ಬಾಗಿಲಲ್ಲಿ ನಿಂತದ್ದು ಇದು ಎರಡನೆಯ ಸಲ. ಆಗ ಅವಳಿಗೆ ಹತ್ತು ವರ್ಷ, ಬೀಳಗಿ ಕಡೆಯ ಆ ತವರೂರು ಈಗ ಹಿನ್ನೀರಿನೊಳಗೆ ಇದೆ. ಅಣ್ಣ ಸಾತಪ್ಪ ಬುತ್ತಿ ತರಲು ಹೋದಾಗ ಕುರಿ ಕಾಯಲು ಅವಳನ್ನು ಬಿಟ್ಟಿದ್ದ. ಕೊಯ್ದ ಜೋಳದ ಹೊಲದಲ್ಲಿ ಕೂಳೆಯ ಚಿಗುರು ಗೇಣುದ್ದ ಬಂದಿತ್ತು. ಅದು ವಿಷ, ಕುರಿಗೆ ತಿನ್ನಿಸಬಾರದು ಎಂಬುದು ಕುರುಬರ ಮನೆಯ ಕೂಸಿಗೂ ಗೊತ್ತು. ಅವಳು ಜಾಲಿಯ ನೆರಳಿನಲ್ಲಿ ಕಣ್ಣು ಮುಚ್ಚಿದ್ದು ಎಷ್ಟು ಹೊತ್ತು? ಎದ್ದಾಗ ಅವು ಚಿಗುರಿನಲ್ಲಿದ್ದವು. ಹೊಡೆದುಕೊಂಡು ಬಂದಳು, ಸುಮ್ಮನಿದ್ದಳು. ಹಟ್ಟಿಗೆ ಬರುವಾಗ ಮೊದಲನೆಯದು ಕಾಲು ಮಡಿಚಿತು, ಹೊಟ್ಟೆ ನಗಾರಿಯಂತೆ, ಬಾಯಲ್ಲಿ ನೊರೆ. ಹನ್ನೊಂದು ಕುರಿ. ಅಪ್ಪ ಸಾತಪ್ಪನನ್ನು ಕಂಬಳಿಯ ದಾರದಿಂದ ಕಂಬಕ್ಕೆ ಕಟ್ಟಿ ಹೊಡೆದ. ಸಾತಪ್ಪ ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತ ಅವಳ ಕಡೆ ನೋಡಿದ್ದ. ಹೇಳು ಎಂದೋ, ಹೇಳಬೇಡ ಎಂದೋ ಇವತ್ತಿಗೂ ತಿಳಿದಿಲ್ಲ. ಒಂದು ಮಾತು ಹೇಳಿದ್ದರೆ ಇನ್ನೂ ಸಾಯದಿದ್ದ ಕುರಿಗಳಿಗಾದರೂ ಬೆಲ್ಲದ ನೀರು ಕುಡಿಸಬಹುದಿತ್ತು ಎಂದು ಅಪ್ಪ ಆಮೇಲೆ ಎಷ್ಟೋ ದಿನ ಹಲುಬುತ್ತಿದ್ದ.

"ಅತ್ತಿ," ಶೈಲಾ ಒಳಗಿನಿಂದ ಕರೆದಳು. "ಎದಿ ಉರೀಯಾಕತ್ತೈತ್ರಿ."

ತಂಗೆವ್ವ ಮಜ್ಜಿಗೆ ಒಯ್ದಳು. ಲೋಟ ತಾನೇ ಹಿಡಿದು ಕುಡಿಸಿದಳು. ಇನ್ನೊಂದು ಲೋಟ, ಮತ್ತೊಂದು. "ಸಾಕ್ರಿ ಅತ್ತಿ, ಹೊಟ್ಟ್ಯಾಗ ಜಾಗಾ ಇಲ್ಲ" ಎಂದು ಶೈಲಾ ಮಗ್ಗುಲಾಗಿ ಮಲಗಿದಳು. ಬಸುರಿಯರಿಗೆ ಎದೆ ಉರಿಯುವುದು ಹೊಸದಲ್ಲ, ಹೋದ ವಾರವೂ ಉರಿದಿತ್ತು ಎಂದು ತಂಗೆವ್ವ ತನಗೆ ತಾನೇ ಹೇಳಿಕೊಂಡಳು. ಸೀರೆಯ ಕೆಳಗೆ ಹೊಟ್ಟೆ ಏರಿಳಿಯುತ್ತಿತ್ತು. ಅದು ಉಸಿರಿಗೆ ಏರುತ್ತಿದೆಯೋ ಉಬ್ಬುತ್ತಿದೆಯೋ ನೋಡಲು ಗೋಡೆಯ ಮೇಲಿನ ಒಂದು ಕಲೆಯನ್ನು ಗುರುತು ಹಿಡಿದಳು. ಕಲೆ ಕಂಡರೆ ಇಳಿಯಿತು, ಮರೆಯಾದರೆ ಏರಿತು. ಹಾಗೆ ಎಷ್ಟೋ ಹೊತ್ತು.

ಮೂರು ಗಂಟೆಗೆ ಪಕ್ಕದ ತೋಟದ ಯಲ್ಲಕ್ಕ ಬಂದಳು. ಅವಳು ಬಂದರೆ ಮೂಗು ಮೊದಲು ಬರುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು.

"ಏನ ಮಾಡೀ ತಂಗೆವ್ವಾ? ನಮ್ಮ ಬಾಂವಿಮಟಾ ವಾಸನಿ ಬಂದೈತಿ. ಒಂದೀಟ ತಾ, ಬಾಯಿ ಸಿಹಿ ಮಾಡಕೊಂಡು ಹೋಗತೇನಿ."

"ಮುಗದೈತಿ."

"ಬೋಗಾಣ್ಯಾಗ ಅರ್ಧಾ ಕಾಣತೈತೆಲ್ಲ?"

"ಅದು ಮಾಳೂಗ."

"ಮಾಳೂಗ ಒಬ್ಬನಿಗೇ ಅಷ್ಟು?" ಯಲ್ಲಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಕುರಿ ಇದ್ದಾಗ ಗಿಂಡಿತುಂಬ ಹಾಲು ಕೊಡತಿದ್ದಿ. ದ್ರಾಕ್ಷಿ ಬಂತು ನೋಡು, ಕೈ ಸಣ್ಣದಾತು. ಬಂಗಾರ ಕಲಸಿಯೇನು ಅದರಾಗ?"

ತಂಗೆವ್ವ ಬೋಗಾಣಿಗೆ ಅಡ್ಡ ನಿಂತಳು, ಅಷ್ಟೇ. ಜಿಪುಣಿ ಅನಿಸಿಕೊಳ್ಳುವುದು ಎಷ್ಟು ಹಗುರ ಎಂದು ಅವಳಿಗೆ ಆಶ್ಚರ್ಯವಾಯಿತು. ಯಲ್ಲಕ್ಕನ ಮಾತು ಮೈಮೇಲಿನ ಧೂಳಿನಂತೆ, ಕೊಡವಿಕೊಳ್ಳಬಹುದು. ಯಲ್ಲಕ್ಕ ಹೋದ ಮೇಲೆ ಬೋಗಾಣಿಯನ್ನು ತಿಪ್ಪೆಗೆ ಹಾಕಲು ಎತ್ತಿದಳು. ತಿಪ್ಪೆಗೆ ಕೋಳಿ ಬರುತ್ತವೆ, ನಾಯಿ ಬರುತ್ತವೆ. ನೆಲದ ಮೇಲೆ ಕುಳಿತಳು. ಹಣ್ಣನ್ನೂ ಹಿಟ್ಟನ್ನೂ ಕೈಯಿಂದಲೇ ತೆಗೆದು ಬಾಯಿಗಿಟ್ಟಳು. ಮೊದಲು ಸಿಹಿ, ಹಿಂದೆಯೇ ಬಟ್ಟೆ ಒಗೆಯುವ ಸಬಕಾರದ ನೀರು ಕುಡಿದಂತೆ ಒಂದು ಒಗರು, ಆಮೇಲೆ ನಾಲಿಗೆಯ ಅಂಚಿನಲ್ಲಿ ಸಣ್ಣ ಉರಿ. ಒಂದು ಬೆರಳು ನೆಕ್ಕಿದ್ದರೆ ತಿಳಿಯುತ್ತಿತ್ತು. ತಿಂದಳು, ತುತ್ತು ತುತ್ತಾಗಿ, ಬೋಗಾಣಿಯ ತಳ ಕಾಣುವ ತನಕ. ಅವಳಿಗೆ ಆಗುವುದೇ ಶೈಲಾಳಿಗೂ ಆಗುತ್ತದೆ, ತನ್ನದು ಮುದುಕಿಯ ದೇಹ, ಮೊದಲು ತನಗೇ ಆಗುತ್ತದೆ, ಆದಾಗ ಹೇಳಿದರಾಯಿತು. ಇದು ಅವಳಿಗೆ ನ್ಯಾಯವೆಂದು ತೋರಿತು. ಕೊನೆಯ ತುತ್ತಿನ ಹೊತ್ತಿಗೆ ಇದೂ ತಡ ಮಾಡುವ ಒಂದು ದಾರಿಯೇ ಎಂದು ತೋರಿತು. ನುಂಗಿದಳು.

ಹೊತ್ತು ಇಳಿಯುವ ಮುಂಚೆ ಮಾಳು ಬಂದು ಎಮ್ಮೆಯನ್ನು ನೀರಿಗೆ ಬಿಡುತ್ತಿದ್ದಾಗ ಅವಳು ಹತ್ತಿರ ಹೋಗಿ ನಿಂತಳು. ಹೇಳಲೆಂದೇ ಹೋದದ್ದು.

"ಮಾಳೂ, ಆ ಪುಡಿ ಹೊಟ್ಟ್ಯಾಗ ಹೋದ್ರ ಏನಾಕ್ಕೈತಿ?"

"ಯಾಕ ಬೇ?" ಅವನು ಕೈಯಲ್ಲಿನ ಹಗ್ಗ ನೋಡಿದ, ಹಗ್ಗದ ತುದಿಯ ಎಮ್ಮೆಯನ್ನು ನೋಡಿದ. "ಇದೇನಾದ್ರೂ ತಿಂತೇನು? ಅದಕ ಕಡಿಮಿ ಆಗೇತೇನು?"

ಅವನೇ ಬಾಗಿಲು ತೆರೆದುಕೊಟ್ಟ. ಅವಳು ಹೊಕ್ಕಳು. "ಹೂಂ," ಎಂದಳು.

ಗಬ್ಬದ ಎಮ್ಮೆ, ಮನೆಯ ಹಾಲು. ಮಾಳು ದನದ ಡಾಕ್ಟರಿಗೆ ಆಗಲೇ ಫೋನು ಹಚ್ಚಿ ಇಬ್ಬರಿಗೂ ಕೇಳುವಂತೆ ಕೈಯಲ್ಲಿ ಹಿಡಿದ.

"ಎಷ್ಟು ತಿಂದೈತಿ?" ಫೋನಿನೊಳಗಿನ ದನಿ ಕೇಳಿತು.

"ಎಷ್ಟು ತಿಂತು ಬೇ?"

"ಎರಡು ಬಟ್ಟಲಾ."

"ಬಟ್ಟಲಾ? ಎಮ್ಮಿಗೆ ಬಟ್ಟಲದಾಗ ಹಾಕಿ ಕೊಟ್ಟಿದ್ದೇನು?"

"ಅಲ್ಲ," ಎಂದು ಅವಳು ತಿದ್ದಿಕೊಂಡಳು. "ಎರಡು ಚಮಚೆ ಇದ್ದೀತು. ನೆಲದಾಗ ಚೆಲ್ಲಿತ್ತು."

ಡಾಕ್ಟರು ನಕ್ಕರು. ಎರಡು ಚಮಚೆಗೆ ಎಮ್ಮೆಗೆ ಏನಾಗಬೇಕು ಎಂದರು. ಆಮೇಲೆ, "ಗಬ್ಬ ಐತೇನ್ರಿ?" ಎಂದರು. ಐತ್ರಿ ಎಂದ ಮಾಳು. "ಹಂಗಾದ್ರ ಮೂರು ದಿನಾ ಲಕ್ಷ್ಯ ಇಡ್ರಿ. ಮಜ್ಜಿಗಿ ಹಾಕ್ರಿ. ಮೇವು ಬಿಟ್ರ, ಹೊಟ್ಟಿ ಉಬ್ಬಿದ್ರ ಫೋನ್ ಮಾಡ್ರಿ. ಒಳಗ ಕರು ಹೊರಳೂದು ನಿಂತ್ರ ಮಾತ್ರ ತಡಾ ಮಾಡಬ್ಯಾಡ್ರಿ."

ಮೂರು ದಿನ ಮನೆಯ ಎಲ್ಲರ ಕಣ್ಣೂ ಎಮ್ಮೆಯ ಮೇಲೆ. ಬುಧವಾರ ಮುಂಜಾನೆ ಶೈಲಾಳೇ ಸೊಂಟಕ್ಕೆ ಕೈ ಕೊಟ್ಟುಕೊಂಡು ಕೊಟ್ಟಿಗೆಗೆ ಹೋಗಿ ಬಕೆಟ್ಟಿನಲ್ಲಿ ಮಜ್ಜಿಗೆ ಹಿಡಿದಳು. "ಕುಡಿ ಬೇ, ನಾವಿಬ್ರೂ ಒಂದೇ ಸಾಲ್ಯಾಗಿನವರು" ಎಂದು ಎಮ್ಮೆಯ ಹಣೆ ತುರಿಸಿದಳು. ತಂಗೆವ್ವ ಕಂಬ ಹಿಡಿದುಕೊಂಡು ನಿಂತಿದ್ದಳು. ಅವಳ ಬಾಯೊಳಗೆ ಎರಡು ಹುಣ್ಣು ಎದ್ದಿದ್ದವು, ಹೊಟ್ಟೆಯಲ್ಲಿ ಕೆಂಡ ಮಗುಚಿದಂತೆ ಆಗಿ ರಾತ್ರಿ ಎರಡು ಸಲ ವಾಂತಿಯಾಗಿತ್ತು. ಅದನ್ನು ಬೂದಿಯಿಂದ ಮುಚ್ಚಿ ಬಂದಿದ್ದಳು. ತನಗೆ ಆದದ್ದು ಶೈಲಾಳಿಗೆ ಯಾಕೆ ಆಗಲಿಲ್ಲ? ಆಗಿಯೂ ಹೇಳುತ್ತಿಲ್ಲವೇ? ತಾನು ಅರ್ಧ ಬೋಗಾಣಿ ತಿಂದೆ, ಅವಳು ಎರಡು ಬಟ್ಟಲು. ಹಾಗಿದ್ದರೆ ಅವಳ ಪಾಲಿನದು ಕೂಸಿಗೆ ಹೋಯಿತೇ? "ನಾಲಗಿ ತೋರಸು" ಎಂದಳು ಒಮ್ಮೆ. ಶೈಲಾ ಸಣ್ಣ ಹುಡುಗಿಯಂತೆ ನಾಲಿಗೆ ಚಾಚಿದಳು. ಪೊರೆಯ ಕಣ್ಣಿಗೆ ಅದು ಕೆಂಪಾಗಿಯೂ ಕಂಡಿತು, ಬೆಳ್ಳಗೂ ಕಂಡಿತು. "ಹೊಟ್ಟ್ಯಾಗ ಹೊರಳತೈತೇನು?" "ಹೊರಳೂದೇನ್ರಿ, ಒದೀತೈತಿ." ಒಂದು ತಾಸು ಬಿಟ್ಟು ಮತ್ತೆ ಕೇಳಿದಳು. ದೇವರ ಗೂಡಿನಿಂದ ಬೀರಪ್ಪನ ಭಂಡಾರದ ಅರಿಶಿಣ ಪುಡಿ ತಂದು ಅವಳ ಹಣೆಗೆ ಹಚ್ಚಿದಳು, ಮಧ್ಯಾಹ್ನ ಮತ್ತೆ ಹಚ್ಚಿದಳು. "ಇಷ್ಟು ಹಚ್ಚಿದ್ರ ನಾನೇ ದೇವರಾಗತೇನಿ ನೋಡ್ರಿ" ಎಂದಳು ಶೈಲಾ. ಗುರುವಾರ ಸಾರಿಗೆ ಒಗ್ಗರಣೆ ಹಾಕುವಾಗ ತಂಗೆವ್ವನ ಕೈ ಹಲಗೆಯವರೆಗೆ ಹೋಗಿ ನಿಂತುಬಿಟ್ಟಿತು. ಜೀರಿಗೆಯನ್ನು ಮೂಸಿದಳು, ಅಂಗೈಗೆ ಹಾಕಿಕೊಂಡು ಬಾಗಿಲ ಬೆಳಕಿಗೆ ಒಯ್ದು ನೋಡಿದಳು. ಎಣ್ಣೆ ಹೊತ್ತಿ ಮನೆ ತುಂಬ ಹೊಗೆಯಾಯಿತು. ಮಾಳು ಕೆಮ್ಮುತ್ತಾ ಎಮ್ಮೆ ಮೇವು ತಿಂದಿತೇ ಎಂದು ಕೇಳಿದ.

ಶುಕ್ರವಾರ ಬೆಳಿಗ್ಗೆ ಅವನು ಕೊಟ್ಟಿಗೆಯಿಂದ ಬಂದು ಕೈ ತೊಳೆದುಕೊಳ್ಳುತ್ತಾ ಎಂದ: "ಮೂರು ದಿನಾ ಆತು. ಎಮ್ಮಿ ಪಾರಾತು ಬಿಡು ಬೇ."

ತಂಗೆವ್ವನೊಳಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದ ಏನೋ ಸಡಿಲವಾಯಿತು. ಆಯಿತು. ಯಾರಿಗೂ ಏನೂ ಗೊತ್ತಾಗದೆ ಆಯಿತು. ಸೋಮವಾರ ಕುಬಸ, ಹಸಿರು ಬಳೆ. ತಾನೇ ಹೂರಣ ರುಬ್ಬುತ್ತಾಳೆ. ಸಾತಪ್ಪನ ವಿಷಯದಲ್ಲೂ ಹಾಗೇ ಆಗಿತ್ತಲ್ಲವೇ? ಬೆನ್ನಿನ ಬಾಸುಂಡೆ ಮಾಯ್ದವು, ಅವನು ದೊಡ್ಡವನಾದ, ಸತ್ತ. ಅವಳು ಹೇಳಲಿಲ್ಲ, ಲೋಕ ನಿಲ್ಲಲಿಲ್ಲ. ಅವಳು ಮೂರು ದಿನದಲ್ಲಿ ಮೊದಲ ಸಲ ಚಹಾ ಕುಡಿದಳು.

ಶೈಲಾ ಪಡಸಾಲೆಯಲ್ಲಿ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಎಮ್ಮಿ ಪಾರಾತು, ಇದು ನೋಡ್ರಿ ಸಿಟ್ಟಾಗೇತಿ" ಎಂದು ಹೊಟ್ಟೆ ತೋರಿಸಿದಳು. "ನಿನ್ನೆ ಸಂಜಿಂದ ಹೊರಳೇ ಇಲ್ಲ. ಅವರಪ್ಪನಂಗ, ಹೊತ್ತೇರಿದ್ರೂ ಏಳೂದಿಲ್ಲ."

ತಂಗೆವ್ವ ಕಪ್ಪನ್ನು ಕೆಳಗಿಟ್ಟಳು. ಅದು ಸರಿಯಾಗಿ ನೆಲಕ್ಕೆ ಕೂಡುವ ತನಕ ಬಿಡಲಿಲ್ಲ.

"ಎಮ್ಮಿ ತಿಂದಿಲ್ಲ" ಎಂದಳು.

"ಏನ್ರಿ?"

"ಆ ಪುಡಿ ಎಮ್ಮಿ ತಿಂದಿಲ್ಲ. ನೀ ತಿಂದಿ. ಅವತ್ತು ಮಂಗಳವಾರ, ಸೋಡಾ ಅಂತ ನಾ ಅದನ್ನ ಹಾಕಿದೆ. ಮಾಳು ಅದನ್ನ ಅಲ್ಲೆ ತಂದ ಇಟ್ಟಿದ್ದ..." ಅಲ್ಲಿಗೆ ಅವಳ ದನಿ ನಿಂತಿತು. ಬಾಯಿಂದ ಹೊರಬಿದ್ದ ಹೆಸರನ್ನು ಅವಳೇ ಕೇಳಿಸಿಕೊಂಡಳು. ಐವತ್ತು ವರ್ಷದ ಮೇಲೆ ಬಾಯಿ ತೆರೆದರೂ ಮೊದಲು ಬಂದದ್ದು ಇನ್ನೊಬ್ಬರ ಬೆನ್ನು. "ಅವನದೇನಿಲ್ಲ," ಎಂದಳು. "ನನಗ ಕಣ್ಣು ಕಾಣೂದಿಲ್ಲ. ಎರಡು ವರ್ಷಾತು."

ಶೈಲಾಳ ಕೈಯಲ್ಲಿ ಬೆಳ್ಳುಳ್ಳಿಯ ಎಸಳು ಹಾಗೇ ಇತ್ತು. ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಗಿ ಅಗಲವಾಗಿ ಕುಳಿತಿತು.

"ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತೇ."

"ಅವತ್ತೇ ಅಂದ್ರ?"

"ನೀ ತಿಂದ ಒಂದು ತಾಸಿಗೆ."

ಹೊರಗೆ ಮಾಳು ಬಕೆಟ್ಟು ಕವಚಿ ಇಟ್ಟ ಸದ್ದು ಕೇಳಿತು. ಶೈಲಾ ಬೆಳ್ಳುಳ್ಳಿಯ ಎಸಳನ್ನು ಕೆಳಗಿಟ್ಟಳು. "ಎಮ್ಮಿಗೆ ಡಾಕ್ಟರನ್ನ ಕೇಳಸಿದ್ರಿ" ಎಂದಳು. ದನಿ ಏರಿರಲಿಲ್ಲ. ಆಮೇಲೆ ಗೋಡೆ ಹಿಡಿದು ತಾನೇ ಎದ್ದಳು. ತಂಗೆವ್ವ ಕೈ ಚಾಚಿದ್ದಳು. ಶೈಲಾ ಆ ಕೈಯನ್ನು ದೂಡಲಿಲ್ಲ, ಅದು ಅಲ್ಲಿ ಇರಲಿಲ್ಲವೆಂಬಂತೆ ಗಂಡನನ್ನು ಕೂಗಿದಳು.

ಪಿಕಪ್ ಗಾಡಿಯಲ್ಲಿ ಇಬ್ಬರೇ ಹೋದರು. ಮಾಳು ತಾಯಿಯನ್ನು ಏನೂ ಕೇಳಲಿಲ್ಲ, ಬಾ ಎನ್ನಲೂ ಇಲ್ಲ. ಅವಳು ಕಟ್ಟೆಯ ಮೇಲೆ ಕುಳಿತಳು. ಬಿಸಿಲು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಶೆಡ್ಡಿನ ಆಳುಗಳು ಮಾಲೀಕ ಎಲ್ಲಿ ಎಂದು ಕೇಳಿ ಹೋದರು. ದಾರಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಅವಳು ತಲೆಯೆತ್ತಿ ನೋಡಿದಳು. ಅವಳು ಬೀರಪ್ಪನನ್ನು ಬೇಡಿಕೊಳ್ಳಲು ನೋಡಿದಳು; ಮೂರು ದಿನ ಭಂಡಾರ ಹಚ್ಚಿ ಕೂಸನ್ನು ಅವನ ಕೈಗೆ ಹಾಕಿ ತಾನು ಸುಮ್ಮನಿದ್ದವಳು, ಈಗ ಯಾವ ಬಾಯಿಂದ? ಹನ್ನೆರಡರ ಸುಮಾರಿಗೆ ಯಲ್ಲಕ್ಕ ತನ್ನ ಫೋನನ್ನು ಕೈಯಲ್ಲಿ ಹಿಡಿದು ಬೇಲಿ ದಾಟಿ ಬಂದಳು.

"ಮಾಳೂಂದು ಫೋನ್ ಬಂದಿತ್ತು. ನಿನಗ ಹೇಳು ಅಂದ. ಕೂಸು ಛಲೋ ಐತಂತ. ಎದಿಬಡಿತ ಕೇಳಿಸಿದ್ರಂತ ದವಾಖಾನ್ಯಾಗ. ಮಲಗಿತ್ತಂತ ಅದು, ಮೆತ್ತಗ ಮಿಸುಗಾಡಿತಂತ." ಅವಳು ಕಟ್ಟೆಗೆ ಕುಳಿತಳು. "ಏನಾಗಿತ್ತು ಅಂಥಾದ್ದು?"

ತಂಗೆವ್ವ ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಹೆಚ್ಚು ಉದ್ದವಿರಲಿಲ್ಲ.

"ಅದಕೇನ ನನಗ ಒಂದು ತುತ್ತು ಕೊಡಲಿಲ್ಲ ನೀನು" ಎಂದಳು ಯಲ್ಲಕ್ಕ. ಕೂಸು ಚೆನ್ನಾಗಿದೆ ಎಂಬುದು ತಂಗೆವ್ವನೊಳಗೆ ಮೆಲ್ಲಗೆ ಇಳಿಯುತ್ತಿತ್ತು. ಅದು ತಳ ಮುಟ್ಟಿದಾಗ ಅಲ್ಲಿ ಭಯ ಹೋಗಿರಲಿಲ್ಲ, ಜಾಗ ಬದಲಿಸಿ ಕುಳಿತಿತ್ತು.

ಮೂರು ಗಂಟೆಗೆ ಗಾಡಿ ಬಂತು. ಮುಂದಿನ ಸೀಟಿನಲ್ಲಿ ಶೈಲಾಳ ಪಕ್ಕ ಅವಳ ತಾಯಿ ರುಕ್ಮವ್ವ ಕುಳಿತಿದ್ದಳು. ಸುದ್ದಿ ಕೇಳಿ ಬನಹಟ್ಟಿಯಿಂದ ಬಸ್ಸು ಹಿಡಿದು ನೇರ ಜಮಖಂಡಿಯ ದವಾಖಾನೆಗೆ ಬಂದಿದ್ದಳಂತೆ. ಶೈಲಾ ಒಳಗೆ ಹೋಗಿ ಬಟ್ಟೆ ತುಂಬತೊಡಗಿದಳು. ರುಕ್ಮವ್ವ ಕಟ್ಟೆಯ ಕೆಳಗೆ ನಿಂತೇ ಮಾತಾಡಿದಳು, ಮೆತ್ತಗೆ, ಬೀಗರ ಮರ್ಯಾದೆ ತಪ್ಪದಂತೆ.

"ಅಕ್ಕಾರ, ಕರಕೊಂಡ ಹೊಂಟೇನ್ರಿ."

"ಸೋಮವಾರ ಕುಬಸ ಐತೆಲ್ಲ."

"ಅಲ್ಲೇ ಮಾಡಿಕೋತೇವ್ರಿ."

"ನೀರಾದ್ರೂ ಕುಡೀರಿ."

"ಬ್ಯಾಡ್ರಿ. ಈಗ ಕುಡದೇನಿ."

ತಂಗೆವ್ವ ಮಾಳುವಿನ ಕಡೆ ನೋಡಿದಳು. ಅವನು ಗಾಡಿಯ ಗಾಲಿಯನ್ನು ನೋಡುತ್ತಿದ್ದ. ಬಸುರಿ ಮಗಳಿಗೆ ಉಡಿ ತುಂಬದೆ, ಕುಂಕುಮ ಹಚ್ಚದೆ ಯಾರೂ ಕಳಿಸುವುದಿಲ್ಲ. ಆದರೆ ಉಡಿಗೆ ಹಾಕುವ ಅಕ್ಕಿಯನ್ನು ಒಳಗಿನಿಂದ ತರಬೇಕು, ತನ್ನ ಕೈಯಿಂದ ತುಂಬಬೇಕು. ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಏಳಲಿಲ್ಲ.

"ಇವತ್ತು ಶುಕ್ರವಾರ ಐತಿ" ಎಂದಳು ಕೊನೆಗೆ.

"ಗೊತ್ತೈತ್ರಿ" ಎಂದಳು ರುಕ್ಮವ್ವ.

ಶೈಲಾ ಚೀಲ ಹಿಡಿದು ಹೊರಗೆ ಬಂದಳು. ಕಟ್ಟೆಯ ಹತ್ತಿರ ಒಂದು ಗಳಿಗೆ ನಿಂತಳು, ಬರತೇನ್ರಿ ಅನ್ನುವ ಮಾತು ತುಟಿಯ ತನಕ ಬಂದಂತೆ ಕಂಡಿತು. ತಂಗೆವ್ವನ ಕಣ್ಣಿಗೆ ಆ ಮುಖ ಸ್ಪಷ್ಟವಿರಲಿಲ್ಲ, ಬಂದಿತ್ತೋ ಇಲ್ಲವೋ. ಆಮೇಲೆ ತಾಯಿಯ ಹೆಗಲು ಹಿಡಿದು ಗಾಡಿ ಹತ್ತಿದಳು. ಹೆಣ್ಣುಮಕ್ಕಳನ್ನು ಮನೆಯಿಂದ ಯಾರೂ ಕಳಿಸದ ದಿನ, ಫಾಲ್ಗುಣದ ಆ ಶುಕ್ರವಾರ, ಮೂರೂವರೆಯ ಬಿಸಿಲಿನಲ್ಲಿ, ಶೈಲಾ ಬನಹಟ್ಟಿಗೆ ಹೋದಳು.